ಮೊದಲ ನಿಮಿಷ

ಮನೆ, ಹೊಲಿಗೆ ಕೋಣೆಯಿಂದ
ಸೋಮವಾರ ಬೆಳಿಗ್ಗೆ, ಮಾರ್ಚ್ ೧೭

ಪ್ರೀತಿಯ ತಟ್ಟೆರಾಯನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಿವಿಯೊಳಗೆ ಸಣ್ಣಗೆ ಗುಂಯ್ ಅನ್ನುತ್ತಿದೆ ಎಂದು ಹೋದ ಸಲ ಮೆಸೇಜ್ ಮಾಡಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ? ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಸಂಗೀತ ಮಾಡುತ್ತಾ ಕೂತರೆ ಇನ್ನೇನಾದೀತು. ಊಟಕ್ಕೆ ಕೂತಾಗ ತಟ್ಟೆ ಬಡಿಯುವ ಚಾಳಿ ಇನ್ನೂ ಇದೆಯೋ, ದೊಡ್ಡ ಮನುಷ್ಯನಾದ ಮೇಲೆ ಅದನ್ನೂ ಬಿಟ್ಟೆಯೋ ಗೊತ್ತಿಲ್ಲ. ಆ ಚಾಳಿಗೆ ಅಮ್ಮ ಇಟ್ಟ ಹೆಸರನ್ನು ಮಾತ್ರ ನಾನು ಬಿಡುವುದಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮನ ಗಂಟಲಿನ ಗಾಯ ಪೂರ್ತಿ ಮಾಯ್ದಿದೆ. ಈಗ ಎಲ್ಲರಂತೆ ಊಟ ಮಾಡುತ್ತಾಳೆ, ಹೊಲಿಗೆಗೂ ಕೂರುತ್ತಾಳೆ. ದನಿ ಇನ್ನು ವಾಪಸು ಬರುವುದಿಲ್ಲ ಎಂದು ಆಪರೇಷನ್ ದಿನವೇ ಡಾಕ್ಟರು ಹೇಳಿದ್ದರು, ನೀನೂ ಪಕ್ಕದಲ್ಲೇ ನಿಂತಿದ್ದೆ. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಸಿಟ್ಟು ಬಂದರೆ ಅಕ್ಷರ ದೊಡ್ಡದಾಗುತ್ತದೆ. ಜಗಳ ಆಡುವುದು ಬೇಜಾರಾದರೆ ಸ್ಲೇಟು ಬೋರಲು ಹಾಕಿ ಎದ್ದು ಹೋಗುತ್ತಾಳೆ, ಆಮೇಲೆ ನಾನು ಎಷ್ಟು ಕೂಗಾಡಿದರೂ ಅಷ್ಟೇ.

ಅಮ್ಮನಿಗೆ ಒಂದು ಫೋನ್ ಮಾಡೋ ಎಂದು ಕೇಳಿದಾಗಲೆಲ್ಲ ನಿನ್ನದು ಒಂದೇ ಉತ್ತರ. “ಮಾಡಿ ಏನ್ ಮಾಡ್ಲಿ ಅಕ್ಕ, ಅಮ್ಮ ಮಾತಾಡೋದಿಲ್ವಲ್ಲ.” ಸರಿಯಪ್ಪ. ಅದಕ್ಕೇ ಈ ಕಾಗದ. ಮೆಸೇಜಾದರೆ ಅರ್ಧ ಓದಿ, ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದಕ್ಕೆ ಆ ಅನುಕೂಲ ಇಲ್ಲ.

ನಾನು ಇನ್ನೂ ಅದೇ ಸ್ಕೇಟಿಂಗ್ ರಿಂಕಿನಲ್ಲಿದ್ದೇನೆ. ಗಾಲಿಬೂಟು ಕೊಡುವುದು, ಲೇಸು ಕಟ್ಟುವುದು, ಬಿದ್ದವರನ್ನು ಎತ್ತುವುದು, ಜೊತೆಗೆ ಸಂಗೀತ ಹಾಕುವುದು. ಸೋಮವಾರ ರಿಂಕಿಗೆ ರಜೆ. ಆವತ್ತು ಕಂಪ್ಯೂಟರ್ ಮುಂದೆ ಕೂತು, ನೀನು ತೋರಿಸಿಕೊಟ್ಟ ಆ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ವಾರಕ್ಕೆ ಬೇಕಾದ ಎಲೆಕ್ಟ್ರಾನಿಕ್ ಸಂಗೀತ ಹುಡುಕಿ ಇಳಿಸಿಕೊಳ್ಳುತ್ತೇನೆ. ಅಂಗಡಿ ಎನ್ನುವುದು ಮರ್ಯಾದೆಯ ಮಾತು, ಈಗ ಅದು ಗುಜರಿ. ದಿನಕ್ಕೆ ಸಾವಿರಗಟ್ಟಲೆ ಬಂದು ಬೀಳುತ್ತವೆ. ಎಲ್ಲದರಲ್ಲೂ ಅದೇ ಡ್ರಮ್ಮು, ಅದೇ ಏರುತ್ತಾ ಹೋಗುವ ಕಿರುಚಾಟ, ಆಮೇಲೆ ಒಂದು ಕ್ಷಣ ಮೌನ, ಆಮೇಲೆ ಧೊಪ್ಪೆಂದು ಬೀಳುವುದು. ಒಂದೇ ತುಣುಕಿಗೆ ಹೆಸರು ಬದಲಿಸಿ ನಾಲ್ಕು ಕಡೆ ಇಟ್ಟಿರುತ್ತಾರೆ. ನಿಧಾನದ್ದನ್ನು ವೇಗದ ವಿಭಾಗಕ್ಕೆ ತುರುಕುತ್ತಾರೆ, ಅಲ್ಲಿ ಪೈಪೋಟಿ ಕಡಿಮೆಯಂತೆ, ಬೇಗ ಮೇಲೇರಬಹುದಂತೆ. ರಿಂಕಿನಲ್ಲಿ ಕಾಲು ಓಡುವುದೇ ಬೀಟಿನ ಮೇಲೆ. ಕೆಟ್ಟ ತುಣುಕು ನಡುವೆ ಎಡವಿದರೆ ಮಕ್ಕಳೂ ಎಡವುತ್ತಾರೆ. ಆಮೇಲೆ ತಾಯಂದಿರು ಬಂದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ, ಅಂಗಡಿಯವನನ್ನಲ್ಲ.

ನೀನು ಹೇಳಿಕೊಟ್ಟಿದ್ದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಟಾಪ್ ನೂರರ ಕಡೆ ತಲೆ ಹಾಕಬೇಡ, ಅದು ಅವರವರ ಗೆಳೆಯರೇ ಕೊಂಡು ಮೇಲೆತ್ತಿದ್ದು. ಒಂದು ಒಳ್ಳೆಯದು ಸಿಕ್ಕರೆ ಮಾಡಿದವನ ಹಿಂದೆ ಹೋಗಬೇಡ, ಅದನ್ನು ಹೊರತಂದ ಕಂಪನಿ, ಅಂದರೆ ಲೇಬಲ್ ಹಿಡಿ, ಅವರ ಹಳೆಯದರಿಂದ ಕೇಳುತ್ತಾ ಬಾ. ಸಣ್ಣ ಫೈಲ್ ಇಳಿಸಬೇಡ, ದೊಡ್ಡ ಸ್ಪೀಕರಿನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು: “ಮೊದಲ ನಿಮಿಷ ಕೇಳ್ಬೇಡ ಅಕ್ಕ, ಟೈಮ್ ವೇಸ್ಟು. ಅಲ್ಲಿ ಬರೀ ಡ್ರಮ್ ಇರತ್ತೆ. ಸೀದಾ ಮಧ್ಯಕ್ಕೆ ಹೋಗು. ಜೀವ ಇದ್ರೆ ಅಲ್ಲೇ ಇರತ್ತೆ.” ಈ ಮಾತು ನಂಬಿ ನಾನು ಇಷ್ಟು ವರ್ಷದಲ್ಲಿ ಒಂದು ತುಣುಕಿನದೂ ಮೊದಲ ನಿಮಿಷ ಕೇಳಿ ಕೊಂಡವಳಲ್ಲ.

ಆರೇಳು ತಿಂಗಳ ಹಿಂದೆ ಹೀಗೇ ಒಂದರ ಮಧ್ಯಕ್ಕೆ ಹೋದೆ. ಟಕ ಟಕ ಟಕ, ಒಂದು ಸಣ್ಣ ತೊಡಕು, ಮತ್ತೆ ಟಕ ಟಕ. ನನ್ನ ಕೈ ಅಲ್ಲೇ ನಿಂತಿತು. ಅಮ್ಮನ ಹೊಲಿಗೆ ಮಿಷನ್ನು. ಬೆಲ್ಟಿನ ತಂತಿಯ ಕೊಂಡಿ ಚಕ್ರ ಹತ್ತುವಾಗ ಬರುವ ಆ ತೊಡಕಿನ ಸದ್ದು ಬೇರೆ ಯಾವ ಮನೆಯಲ್ಲಿ ಇದ್ದೀತು? ಹಿಂದೆಯೇ ಅಮ್ಮನ ದನಿ, ಎರಡೇ ಅಕ್ಷರ, “ಸಾಕು.” ನಾನು ಅತ್ತುಬಿಟ್ಟೆ ಕಣೋ. ನೀನು ಹೈಸ್ಕೂಲಿನಲ್ಲಿದ್ದಾಗ ಟೇಪ್ ರೆಕಾರ್ಡರ್ ಹಿಡಿದು ಮಿಷನ್ನಿನ ಅಡಿಗೆ ನುಸುಳುತ್ತಿದ್ದದ್ದು, ಅಮ್ಮ ಬಯ್ಯುತ್ತಿದ್ದದ್ದು ಎಲ್ಲ ನೆನಪಾಯಿತು. ಮಾಡಿದವನ ಹೆಸರು ಬೇರೆ ಇತ್ತು. ನೀನು ವರ್ಷಕ್ಕೊಂದು ಹೆಸರು ಬದಲಿಸುವವನು, ಇದೂ ಅಂಥದ್ದೇ ಎಂದುಕೊಂಡೆ. ಕೇಳಿದರೆ ಸಂಕೋಚಪಟ್ಟು ಇನ್ನೊಂದು ಹೆಸರು ಇಟ್ಟುಕೊಂಡೀಯೆಂದು ಸುಮ್ಮನಿದ್ದೆ. ಬೂಟು ರಿಪೇರಿ ಮಾಡುವ ತಾತನಿಗೆ ಮಾತ್ರ, ಇದು ನಮ್ಮ ಹುಡುಗನದು ಎಂದು ಜಂಬ ಕೊಚ್ಚಿಕೊಂಡೆ.

ಮುಂದಿನ ವಾರ ಇನ್ನೊಂದರಲ್ಲಿ ಸಿಕ್ಕಿತು. ಆಮೇಲೆ ಮತ್ತೊಂದರಲ್ಲಿ. ಒಬ್ಬನಲ್ಲಿ ಅಮ್ಮನ ದನಿ ಗಂಡಸಿನದಷ್ಟು ದಪ್ಪ, ಇನ್ನೊಬ್ಬನಲ್ಲಿ ಇಲಿಮರಿಯಷ್ಟು ಕೀಚಲು. ಬೇರೆ ಬೇರೆ ಹೆಸರು, ಬೇರೆ ಬೇರೆ ಲೇಬಲ್. ಎಲ್ಲ ನಿನ್ನದೇ ಎಂದು ನಂಬಿ ಸಿಕ್ಕಿದ್ದೆಲ್ಲ ಕೊಂಡೆ. ನಮ್ಮ ತಟ್ಟೆರಾಯನಿಗೆ ಎಷ್ಟೊಂದು ಕೆಲಸ, ಪಾಪ ಫೋನ್ ಮಾಡಲೂ ಪುರುಸೊತ್ತಿಲ್ಲ ಎಂದು ಅಮ್ಮನ ಮುಂದೆ ನಿನ್ನ ಪರ ವಕಾಲತ್ತನ್ನೂ ವಹಿಸಿದೆ. ಅನುಮಾನ ಬಂದದ್ದು ಅವು ಒಂದಕ್ಕಿಂತ ಒಂದು ಕೆಟ್ಟದಾಗಿದ್ದವಲ್ಲ, ಅದರಿಂದ. ನೀನು ಏನೇ ಆಗಿರು, ನಿನ್ನ ಡ್ರಮ್ ಎಂದೂ ಕುಂಟುವುದಿಲ್ಲ.

ಅದೇ ಅಂಗಡಿಯಲ್ಲಿ ಇನ್ನೊಂದು ವಿಭಾಗ ಇದೆ, ಬಿಡಿ ಸದ್ದುಗಳನ್ನು ಮಾರುವುದು. ಸಂಗೀತ ಮಾಡುವವರು ಕೊಂಡು ತಮ್ಮ ತುಣುಕಿಗೆ ಸೇರಿಸಿಕೊಳ್ಳುತ್ತಾರೆ. ನಾನು ಆ ಕಡೆ ಹೋದವಳೇ ಅಲ್ಲ, ಆವತ್ತು ಹೋದೆ. ನಿನ್ನ ಹೆಸರು, ಚಿತ್ರದಲ್ಲಿ ನಮ್ಮ ಮಿಷನ್ನಿನ ಗಾಲಿ. ಕೊಂಡವರು ಹೇಗೆ ಬೇಕಾದರೂ ಬಳಸಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದು ನೀನೇ ಬರೆದಿದ್ದೆ. ಅಮ್ಮ ಮಾತಾಡಿದ ತುಣುಕಿಗೆ ನೀನು ಇಟ್ಟ ಹೆಸರು “ಮುದುಕಿಯ ದನಿ, ನಾಲ್ಕು”. ಆ ರೆಕಾರ್ಡು ಮಾಡಿದಾಗ ಅಮ್ಮನಿಗೆ ಈಗ ನನಗಿರುವಷ್ಟು ವಯಸ್ಸು. ಅದು ಹೋಗಲಿ. ಅದು ಅಂಗಡಿಗೆ ಬಂದ ತಾರೀಖು ನೋಡಿದೆ. ಆಪರೇಷನ್ ಆದ ಮೇಲಿನದು. ಅಂದರೆ ಆ ದನಿ ಇನ್ನೆಲ್ಲೂ ಇಲ್ಲ ಎಂದು ಗೊತ್ತಿದ್ದೇ ಹಾಕಿದ್ದೀಯ. ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಲು ಫೋನ್ ಮಾಡಬೇಕಿತ್ತಲ್ಲ. ಯಾರೋ ಕಂಡುಕೇಳದವರು ನಮ್ಮಮ್ಮನ ಬಾಯಿಂದ ತಾಳ ಹಾಕಿಸಿಕೊಂಡು ಕುಣಿಯುತ್ತಿದ್ದಾರೆ, ಇಲ್ಲಿ ಅವಳು ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಬಳಪ ಹುಡುಕುತ್ತಾಳೆ. ನನಗೆ ನಿನ್ನ ಮೇಲೆ ಅಸಹ್ಯವಾಯಿತು. ಈಗಲೂ ಇದೆ.

ಅಂದಿನಿಂದ ಆ ಸದ್ದು ಇರುವುದನ್ನೆಲ್ಲ ರಿಂಕಿನಿಂದ ಅಳಿಸಿದೆ. ಅಮ್ಮನ ಕಿವಿಗೆ ಬೀಳಬಾರದು ಎನ್ನುವುದೊಂದೇ ಆಸೆ. ಆದರೆ ಹೋದ ಶನಿವಾರ ಅವಳು ರಿಂಕಿಗೆ ಬಂದಿದ್ದಳು, ಹರಿದ ಮೊಣಕಾಲು ಪಟ್ಟಿಗಳನ್ನು ಹೊಲಿದುಕೊಡಲು. ಬೆಂಚಿನ ಮೇಲೆ ಕೂತು ಹೊಲಿಯುತ್ತಿದ್ದಳು. ನಾನು ಹೊಸದಾಗಿ ಕೊಂಡದ್ದೊಂದನ್ನು ಹಾಕಿದೆ. ಮಧ್ಯ ಕೇಳಿ ಕೊಂಡಿದ್ದೆ, ಚೊಕ್ಕವಾಗಿತ್ತು. ನಿನ್ನ ಪಾಠದ ಪ್ರಕಾರ ಮೊದಲ ನಿಮಿಷ ಕೇಳಿರಲಿಲ್ಲ. ಇದ್ದದ್ದು ಅಲ್ಲೇ. ಮಾಡಿದವನು ಶುದ್ಧ ಸೋಮಾರಿ, ಎಲ್ಲರಂತೆ ಕತ್ತರಿಸುವ ಗೋಜಿಗೂ ಹೋಗದೆ ನಿನ್ನ ತುಣುಕನ್ನು ಇಡಿಯಾಗಿ ಶುರುವಿಗೆ ಅಂಟಿಸಿದ್ದ. ರಿಂಕಿನ ದೊಡ್ಡ ಸ್ಪೀಕರುಗಳಲ್ಲಿ ಮಿಷನ್ನು ಓಡಿತು, ಅಮ್ಮ ಮಾತಾಡಿದಳು. “ಸಾಕು ಬಿಡೋ, ದಾರ ಸಿಕ್ಕಾಗತ್ತೆ.” ಆಮೇಲೆ ಇನ್ನೂ ಒಡೆಯದ ನಿನ್ನ ದನಿ, “ಅಮ್ಮ, ಇನ್ನೊಂದ್ಸಲ ಹೇಳು.” ಆಮೇಲೆ ಡ್ರಮ್ಮು ಶುರುವಾಯಿತು.

ಅಮ್ಮನ ಸೂಜಿ ನಿಂತಿತು. ನಾನು ಓಡಿಹೋಗಿ ಬಂದ್ ಮಾಡಿದೆ, ಜಾರುತ್ತಿದ್ದವರೆಲ್ಲ ಬೈದುಕೊಂಡು ಕಂಬಿ ಹಿಡಿದರು. ಎಲ್ಲ ಹೇಳಿದೆ ಅವಳಿಗೆ, ನೀನು ಮಾರಿದ್ದು, ಹೆಸರಿಟ್ಟದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅಳುತ್ತಾಳೆ ಎಂದುಕೊಂಡೆ. ಅವಳು ಚೀಲದಿಂದ ಸ್ಲೇಟು ತೆಗೆದು ಬರೆದದ್ದು ಇಷ್ಟೇ: “ಮೊದಲಿಂದ ಹಾಕು.” ಹಾಕಿದೆ. ಮುಗಿದ ಮೇಲೆ ಸ್ಲೇಟನ್ನು ಬೆರಳಿನಿಂದ ತಟ್ಟಿದಳು. ಮತ್ತೆ ಹಾಕಿದೆ. ಮನೆಗೆ ಬಂದ ಮೇಲೆ ನನ್ನ ಫೋನಿಗೆ ಹಾಕಿಸಿಕೊಂಡು ಫೋನನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ. ಹೋದ ತನ್ನ ದನಿಯನ್ನು ಹೀಗೆ ಯಾರದೋ ತುಣುಕಿನೊಳಗೆ ಕೇಳುವ ಗತಿ ಬಂತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ. ಅದನ್ನು ಅಂಗಡಿಯಿಂದ ತೆಗೆ ತಮ್ಮಾ. ಮಾರಿದ್ದು ಮಾರಿಯಾಯಿತು, ವಾಪಸು ಬರುವುದಿಲ್ಲ ಎಂದು ನನಗೂ ಗೊತ್ತು. ಇನ್ನು ಮುಂದಾದರೂ ಬೇಡ.

ದೇವರು ನಿನಗೆ ಆರೋಗ್ಯ ಕೊಡಲಿ, ಸ್ವಲ್ಪ ನಾಚಿಕೆಯನ್ನೂ ಕೊಡಲಿ. ಕಿವಿ ತೋರಿಸಿಕೊಳ್ಳುವುದು ಮರೆಯಬೇಡ.

ನಿನ್ನ ಮೇಲೆ ಸಿಟ್ಟಿರುವ, ಆದರೂ ನಿನ್ನ,
ಅಕ್ಕ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಈಗ ಅಡುಗೆಮನೆಗೆ ಹೋದಾಗ ಅಮ್ಮ ಅದನ್ನೇ ಕೇಳುತ್ತಾ ಕೂತಿದ್ದಳು, ನಾನು ಬಾಗಿಲಲ್ಲೇ ನಿಂತು ನೋಡಿದೆ. ಡ್ರಮ್ ಶುರುವಾಗಲು ಬಿಡುವುದೇ ಇಲ್ಲ ಅವಳು. “ಇನ್ನೊಂದ್ಸಲ ಹೇಳು” ಎಂದು ನೀನು ಅಂದ ತಕ್ಷಣ ನಿಲ್ಲಿಸುತ್ತಾಳೆ, ಮತ್ತೆ ಮೊದಲಿಗೆ ಹೋಗುತ್ತಾಳೆ. “ನಿನ್ನ ದನಿ ಕೇಳಿಸಿಕೊಳ್ತಿದ್ದೀಯಾ ಅಮ್ಮ?” ಎಂದು ಅವಳನ್ನು ಕೇಳಿದೆ. “ನನ್ನದು ನನಗೆ ಗೊತ್ತು” ಎಂದು ಬರೆದಳು. ಅಂಗಡಿಯಿಂದ ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಅಮ್ಮನಿಗೆ ಹೋಗಿರುವುದು ದನಿ ಕಣೋ, ಕಿವಿ ಅಲ್ಲ. ಫೋನ್ ಮಾಡು. ಮಾತು ನೀನೇ ಆಡು.