ನೀರು ಎಲ್ಲಿಗೆ ಹೋಗುತ್ತಿದೆ

26 ಅಕ್ಟೋಬರ್ 1996, ದ್ರಾಸ್. ಸಂಜೆ ಆರು

ಇವತ್ತು ಒಬ್ಬನೇ. ರಜಬ್ ಭಾವ ಕಾರ್ಗಿಲ್‌ನಲ್ಲೇ ಉಳಿದ — ಮಗಳ ನಿಶ್ಚಿತಾರ್ಥ. ಹೆಂಡತಿ ಸಕೀನಾ ಕೂಡ ಅಣ್ಣನ ಮನೆಯಲ್ಲೇ. ಅಲ್ಲಿ ಔತಣ, ನನಗಿಲ್ಲಿ ಒಣ ರೊಟ್ಟಿ, ಉಪ್ಪು ಚಹಾ. ಹಾಳು ಚಳಿ, ಬೆರಳು ಮಡಚಲಾಗುತ್ತಿಲ್ಲ. ಹೆಪ್ಪುಗಟ್ಟದಿರಲಿ ಎಂದು ಲಾರಿಯ ನೀರು ಇಳಿಸಿದೆ. ರೇಡಿಯೇಟರ್ ಪೂರಾ ಖಾಲಿ. ಕೆಳಗೆ ಎಂಜಿನ್ ಬ್ಲಾಕಿನ ನಲ್ಲಿಯಲ್ಲಿ, ಖಾಲಿಯೋ ಕಸ ಕಟ್ಟಿದೆಯೋ, ಎರಡೇ ಹನಿ ಬಂತು. ಭಾವನಾದರೆ ತಂತಿ ತೂರಿಸಿ ಚುಚ್ಚುತ್ತ ಕೂರುತ್ತಿದ್ದ — ಅವನದೆಲ್ಲ ಅತಿ. ಮಲಗುತ್ತೇನೆ.

30 ಅಕ್ಟೋಬರ್

ಕಾರ್ಗಿಲ್‌ನಲ್ಲಿ ಕಂಠಪೂರ್ತಿ ತುಂಬಿಸಿದ್ದು. ದ್ರಾಸ್ ಹೊತ್ತಿಗೆ ಎರಡು ಲೀಟರ್ ಮಾಯ. ಕೆಳಗೆ ತೇವವೇ ಇಲ್ಲ.

"ಮುದುಕಿಗೆ ಬಾಯಾರಿಕೆ ಜಾಸ್ತಿ ಆಗಿದೆ ಬಿಡು ಮೂಸಾ," ಎಂದು ಭಾವ ನಕ್ಕ. ನನಗೆ ನಗು ಬರಲಿಲ್ಲ.

4 ನವೆಂಬರ್

ಹೋಸ್ ಬದಲಾಯಿಸಿದೆವು. ಮುಚ್ಚಳ ಹೊಸದು. ವಾಟರ್ ಪಂಪ್ ಸೋರುತ್ತಿಲ್ಲ. ಲಾರಿ ಕೆಳಗೆ ರಟ್ಟು ಹಾಸಿದೆವು — ಒಣ ಒಣ. ಆಯಿಲ್ ಕಡ್ಡಿ ಎಳೆದು ನೋಡಿದೆ, ಆಯಿಲಿಗೂ ನೀರು ಸೇರಿಲ್ಲ. ಹೊಗೆ ಬಿಳಿ... ಆದರೆ ಈ ಚಳಿಯಲ್ಲಿ ನನ್ನ ಬಾಯಿಂದ ಬರುವುದೂ ಬಿಳಿಯೇ. ಏನಂತ ಹಿಡಿಯಲಿ? ಘಾಟಿಯಲ್ಲಿ ಎಂಜಿನ್ ಶಾಖದ ಸೂಜಿ ಮೇಲೇರಿದರೆ ಲಾರಿ ನಿಲ್ಲಿಸಿಬಿಡುತ್ತೇನೆ. ಇನ್ನೆರಡು ವಾರಕ್ಕೆ ಶ್ರೀನಗರಕ್ಕೆ ಹೋಗುವ ಜೋಜಿಲಾ ದಾರಿ ಮುಚ್ಚುತ್ತದೆ. ಭಾವ ಪಕ್ಕದಲ್ಲಿದ್ದಾನೆ, ಅದೊಂದೇ ಧೈರ್ಯ.

11 ನವೆಂಬರ್

ಕಾಜಿಮ್ ಉಸ್ತಾದರ ಗ್ಯಾರೇಜು. ರೇಡಿಯೇಟರಿಗೆ ಗಾಳಿ ಒತ್ತಿದರು. ತಣ್ಣಗಿದ್ದಾಗ ಒತ್ತಡ ನಿಂತಿತು. ಎಂಜಿನ್ ಕಾಯಿಸಿ ಒತ್ತಿದರೆ ಸರ್ರನೆ ಇಳಿಯಿತು. ಹೊಗೆ ಕೊಳವೆ ಬಿಚ್ಚಿಸಿದರು. ಅದರ ಹಿಂದೆ ಬ್ಲಾಕಿನ ಮೇಲೆ ಕೂದಲೆಳೆಯಂಥ ಬಿರುಕು. ಕಾದಾಗ ಬಾಯಿ ಬಿಡುತ್ತದೆ, ನೀರು ಅಲ್ಲೇ ಆವಿಯಾಗುತ್ತದೆ. ಕೆಳಗೆ ಬೀಳುವುದೆಲ್ಲಿಂದ!

"ಇದು ಮಂಜುಗಡ್ಡೆ ಮಾಡಿದ ಕೆಲ್ಸ," ಎಂದರು ಉಸ್ತಾದ್. "ಬ್ಲಾಕಲ್ಲಿ ನೀರು ಉಳ್ಸಿದೀರಿ. ದಿನಾ ಇಳ್ಸೋದು ಯಾರಪ್ಪ?"

"ಇನ್ಯಾರು? ಇಪ್ಪತ್ತೆರಡು ವರ್ಷದಿಂದ ಇವನೇ! ರೊಟ್ಟಿ ಕೊಟ್ಟ ಲಾರೀನ ಕೊಂದ್ಬಿಟ್ಟೆಯಲ್ಲೋ ಭಾವ!" — ನಾನೇ ಕಿರುಚಿದ್ದು. ಏಳೆಂಟು ಡ್ರೈವರುಗಳು ನಿಂತಿದ್ದರು.

ಭಾವ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಸುತ್ತಲ ಜನರನ್ನು ನೋಡಿ ಮುಚ್ಚಿದ. ಜೇಬಿಂದ ನಲ್ಲಿ ಚುಚ್ಚುವ ತಂತಿ ತೆಗೆದು ಬಾನೆಟ್ ಮೇಲಿಟ್ಟು ಹೊರಟುಹೋದ. ತಪ್ಪಿತಸ್ಥ. ಅದಕ್ಕೇ ಉಸಿರೆತ್ತಲಿಲ್ಲ.

15 ನವೆಂಬರ್

ಭಾವ ಬೇರೆ ಲಾರಿ ಹತ್ತಿ ಶ್ರೀನಗರದ ಕಡೆ ಹೋದನಂತೆ. ಹೋಗಲಿ. ಹಳೇ ಮಾಡೆಲ್ ಬ್ಲಾಕು ಇಲ್ಲಿ ಸಿಗುವುದಿಲ್ಲ, ಬೇಸಿಗೆಗೆ ನೋಡೋಣ ಎಂದರು ಉಸ್ತಾದ್. ಸಕೀನಾ ತಟ್ಟೆ ಕುಕ್ಕಿ ಇಡುತ್ತಾಳೆ. ಮಾತಿಲ್ಲ.

19 ನವೆಂಬರ್

ಹಿಮ. ಜೋಜಿಲಾ ಬಂದ್. ಇನ್ನು ಮೇ ತಿಂಗಳವರೆಗೆ ಆ ಕಡೆಯವರು ಆ ಕಡೆ. ಲಾರಿ ಅಂಗಳದಲ್ಲಿ ಹೆಣದ ಹಾಗೆ ನಿಂತಿದೆ. ಸಂಜೆಯಾದರೆ ನೀರು ಇಳಿಸುವ ಹೊತ್ತಾಯಿತು ಎನಿಸುತ್ತದೆ. ಇಳಿಸಲು ಏನಿದೆ? ಭಾವನ ಬಯ್ಗುಳವಾದರೂ ಕಿವಿಗೆ ಬಿದ್ದರೆ ಸಾಕಿತ್ತು... ಯಾವುದಕ್ಕೂ ಮನಸ್ಸಿಲ್ಲ.

2 ಡಿಸೆಂಬರ್. ಮಧ್ಯಾಹ್ನ

ಸಕೀನಾ ಕೊನೆಗೂ ಮಾತಾಡಿದಳು. "ಯಾವತ್ತು ಒಡೆದಿದ್ದಂತೆ ಅದು?"

"ನೀರು ಹೋಗೋಕೆ ಶುರುವಾಗೋ ಮೊದಲು ಹೆಪ್ಪುಗಟ್ಟೋ ಚಳಿ ಸಿಕ್ಕಿದ್ದು ಒಂದೇ ದಿನ. ದ್ರಾಸ್‌ನಲ್ಲಿ."

"ನಿಶ್ಚಿತಾರ್ಥದ ದಿನಾನಾ? ಅವತ್ತು ಅಣ್ಣ ನನ್ ಪಕ್ಕದಲ್ಲಿ ಕೂತು ಊಟ ಮಾಡ್ತಿದ್ನಲ್ಲ ರೀ! ನೀರು ಇಳ್ಸಿದ್ಯಾರು?"

ನನ್ನ ಕಣ್ಣು ಗೂಡಿನಲ್ಲಿದ್ದ ಈ ಪುಸ್ತಕದ ಕಡೆ ಹೋಯಿತು.

"ದಿನಾ ಏನೋ ಗೀಚ್ತೀರಲ್ಲ. ನಂಗೆ ಓದೋಕ್ ಬರಲ್ಲ. ನೀವೇ ತೆಗ್ದು ಓದಿ."

ಪುಟ ತಿರುಗಿಸಿದೆ. ಓದಿದೆ. 'ಎರಡೇ ಹನಿ ಬಂತು' ಎಂಬಲ್ಲಿ ನಿಲ್ಲಿಸಿದೆ. ದ್ರಾಸ್‌ನಲ್ಲಿ ನೀರು ಇಳಿಸಿದ್ದು ನಾನೇ ಎಂದು ಭಾವನಿಗೆ ಗೊತ್ತಿತ್ತು. ಅವತ್ತು ಗ್ಯಾರೇಜಿನಲ್ಲಿ ಅಷ್ಟು ಜನರೆದುರು ನನ್ನ ಮಾನ ಉಳಿಸಿ ಹೋದ. ನಾನು ಅವನದನ್ನು ಕಳೆದೆ.

"ಆಮೇಲೆ? ಅಷ್ಟೇನಾ ಬರ್ದಿರೋದು?"

ಅಷ್ಟೇ ಎನ್ನಬಹುದಿತ್ತು. ಅವಳಿಗೆ ಹೇಗೆ ತಿಳಿಯಬೇಕು? ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ — ಭಾವನಾದರೆ ತಂತಿ ತೂರಿಸಿ ಚುಚ್ಚುತ್ತ ಕೂರುತ್ತಿದ್ದ, ಅವನದೆಲ್ಲ ಅತಿ.