ಶ್ರೀಕರನ ಮನೆಯವರು

ಸ್ಯಾನ್ ಡಿಯಾಗೊ
17 ಮಾರ್ಚ್ 2024

ಪ್ರೀತಿಯ ರಕ್ಷಿತಾ,

ಹೇಗಿದ್ದೀಯೇ? ಮದುವೆಯಾಗಿ ನಾಲ್ಕು ತಿಂಗಳಾದರೂ ಒಂದು ಕಾಗದವಿಲ್ಲ. ಬೈದುಕೋ, ನಿನಗೆ ಹಕ್ಕಿದೆ. ಸಮುದ್ರ, ಬಿಸಿಲು, ಶ್ರೀಕರ್, ಮೂರೂ ದಿನಾ ಸಿಗುವಾಗ ಪೆನ್ನು ಎಲ್ಲಿ ಹಿಡಿಯಲಿ! ಡೆಲ್ ಮಾರ್ ಬೀಚಿನಲ್ಲಿ ನನ್ನ ಚಪ್ಪಲಿ ಅವನೇ ಹಿಡಿದುಕೊಂಡು ನಡೆಯುತ್ತಾನೆ, ಗೊತ್ತಾ?

ವರ್ಕ್ ಪರ್ಮಿಟ್ ಬರುವವರೆಗೆ ಡೇಟಾಬೇಸ್ ಕೆಲಸ ಕಲಿಯುತ್ತಿದ್ದೇನೆ. ಹತ್ತು ಕಡೆ ಚೆದುರಿದ ಮಾಹಿತಿಯನ್ನು ಎಳೆದು ತಂದು, ಒಂದೇ ಅಚ್ಚಿಗೆ ಹಾಕಿ, ಒಂದು ಟೇಬಲ್‌ಗೆ ತುಂಬುವುದು. ಪೈಪ್‌ಲೈನ್ ಅನ್ನುತ್ತಾರೆ. ಶ್ರೀಕರನೇ ಮೇಷ್ಟ್ರು. "ಅಭ್ಯಾಸಕ್ಕೆ ನಮ್ಮ ಮನೆಗಳ ಫೋನ್ ಲಿಸ್ಟ್‌ಗಳನ್ನೇ ತಗೋ" ಅಂದ. ಅತ್ತೆಯದು, ನಮ್ಮಮ್ಮನದು, ಅವನದು. ಒಂದರಲ್ಲಿ "ಚಿಕ್ಕಮ್ಮ", ಇನ್ನೊಂದರಲ್ಲಿ ಅವರೇ "ಆಂಟಿ"! ಯಾವ ಪದಕ್ಕೆ ಯಾವ ಸಂಬಂಧ ಅಂತ ನಾನೇ ನಿಯಮ ಬರೆದೆ. "ಮನೆಯವರು" ಅಂದರೆ ಗಂಡ ಅಥವಾ ಹೆಂಡತಿ. ನಮ್ಮಮ್ಮ ಅಪ್ಪನನ್ನು ಹೇಳುವುದೇ ಹಾಗಲ್ವಾ?

ರನ್ ಮಾಡಿದೆ. ಶ್ರೀಕರನ ಹೆಂಡತಿ: ಲೀಲಾ, ಬರ್ಬ್ಯಾಂಕ್.

ಅದು ಲಾಸ್ ಏಂಜಲೀಸ್ ಪಕ್ಕದ ಊರು, ಮದುವೆಗೆ ಮುಂಚೆ ಮೂರು ವರ್ಷ ಅವನು ಆ ಕಡೆಯೇ ಇದ್ದದ್ದು. ಎರಡು ದಿನ ಅವನನ್ನೇ ಗಮನಿಸಿದೆ. ಅವನು ಫೋನ್ ಮಗುಚಿ ಇಟ್ಟರೂ ಅನುಮಾನ, ನೆಟ್ಟಗಿಟ್ಟರೂ ಅನುಮಾನ. ಕೊನೆಗೆ ಸಾರು ಬಡಿಸುತ್ತಾ ಕೇಳಿಯೇಬಿಟ್ಟೆ, "ಲೀಲಾ ಯಾರು?"

ನಕ್ಕು ನಕ್ಕು ನೆತ್ತಿಗೆ ಹತ್ತಿತು ಅವನಿಗೆ. "ನಾನು ಬಾಡಿಗೆಗಿದ್ದ ಮನೆಯವರು ಕಣೇ! ಓನರ್! ಕಾನ್ವೆಂಟ್‌ನಲ್ಲಿ ನಿಂಗೆ ಕನ್ನಡ ಯಾರು ಹೇಳಿಕೊಟ್ರು?"

ನಗು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. "ಹಾಗಾದ್ರೆ ತೋರಿಸು" ಅಂದೆ. ನಿನ್ನೆ ಎರಡೂವರೆ ಗಂಟೆ ಡ್ರೈವ್ ಮಾಡಿಸಿದೆ. ಬಾಗಿಲು ತೆಗೆದವರಿಗೆ ಎಪ್ಪತ್ತಾದರೂ ಇರಬೇಕು, ಮಂಡಿಗೆ ಪಟ್ಟಿ ಕಟ್ಟಿದ್ದರು. ಧಾರವಾಡದವರು. "ಬಾರವ್ವಾ ಒಳಗ. ಇಂವಾ ಸಿಂಕಿನ್ಯಾಗ ಭಾಂಡೆ ಹಂಗ ಬಿಡ್ತಿದ್ದ, ಈಗರ ತೊಳೀತಾನೋ ಇಲ್ಲೋ?" ಶ್ರೀಕರ್ ತಲೆ ಕೆರೆದುಕೊಂಡ. ನಾನು ಅವರ ಕಾಲಿಗೆ ಬಿದ್ದೆ, ಅರ್ಧ ಭಕ್ತಿ, ಅರ್ಧ ನಾಚಿಕೆ.

ಬೆಳಿಗ್ಗೆ ಎದ್ದ ತಕ್ಷಣ ನಿಯಮ ತಿದ್ದಿದೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ನಿನ್ನನ್ನು ನಗಿಸುತ್ತಿರಲಿ.

ನಿನ್ನ
ಸೌಜು

ತಾ.ಕ.: ತಿದ್ದಿದ ಮೇಲೆ ಶ್ರೀಕರನಿಗೆ ಹೆಂಡತಿಯೇ ಬರಲಿಲ್ಲ. ಯಾವ ನಿಯಮಕ್ಕೂ ಸೇರದ ಸಾಲುಗಳು ಬೇರೆ ಟೇಬಲ್‌ಗೆ ಬೀಳುತ್ತವೆ. ಹುಡುಕಿದರೆ ನಾನು ಅಲ್ಲಿದ್ದೆ, ಅವನ ಲಿಸ್ಟ್‌ನಿಂದ ಬಂದ ಸಾಲು. ಸಂಬಂಧ: "ಅಮ್ಮ ಒಪ್ಪಿದ ಹುಡುಗಿ". ಮದುವೆಗೆ ಮುಂಚೆ ಬರೆದದ್ದು, ಬಿಡು ಅಂದುಕೊಂಡೆ. ಆದರೆ ಅದೇ ಸಾಲಿನಲ್ಲಿ ನನ್ನ ಇಲ್ಲಿಯ ಫೋನ್ ನಂಬರ್ ಇದೆ ರಕ್ಷಿ, ಜನವರಿಯಲ್ಲಿ ತಗೊಂಡದ್ದು. ಹಳೆಯದನ್ನು ಅಳಿಸಿ ಅವನೇ ಹಾಕಿದ್ದಾನೆ. ಪಕ್ಕದ ಸಂಬಂಧದ ಕಾಲಂ ಮುಟ್ಟಿಲ್ಲ.