ಉಬ್ಬನ್ನು ಗೀರೆಂದು ಬರೆದವರಿಗೆ

ವಾಹನ ಸುರಕ್ಷತಾ ಕಚೇರಿಯ ಹಿರಿಯ ಪರಿವೀಕ್ಷಕರಿಗೆ,

ಮಾನ್ಯರೇ,

ನನ್ನ ಅತ್ತಿಗೆಯ ಕಾರಿನ ಟೈರು ಸಿಡಿದದ್ದಕ್ಕೆ ಕಾರಣ "ಚಾಲಕಿಯ ಅತಿವೇಗ; ಟೈರಿನ ಪಕ್ಕದಲ್ಲಿ ಇದ್ದದ್ದು ಮೇಲ್ಮೈ ಗೀರು ಮಾತ್ರ" ಎಂದು ನೀವು ವರದಿ ಬರೆದು, ಮೊಹರು ಒತ್ತಿ, ಕಡತ ಮುಚ್ಚಿದ್ದೀರಿ. ಅದು ಸುಳ್ಳು, ಗೊತ್ತಿದ್ದೂ ಬರೆದ ಸುಳ್ಳು. ಇದನ್ನು ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಮೂರು ಸಲ ಸೌಜನ್ಯದಿಂದ ಹೇಳಿದ್ದೇನೆ. ಮೂರು ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಇಷ್ಟೊಂದು ಮೀಟಿಂಗು ಮಾಡುವವರಿಗೆ ಪತ್ರಿಕೆ ಓದಲಾದರೂ ಪುರುಸೊತ್ತು ಇದ್ದೀತು ಎಂದುಕೊಂಡು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕಾರಿನ ಸೀಟುಗಳಿಗೆ ಕವರು ಹೊಲಿಯುವವಳು. ಅತ್ತಿಗೆ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್, ಡ್ರಿಪ್ ಹಾಕುತ್ತಿದ್ದ ನರ್ಸು. ನರವೇ ಸಿಗದ ಮುದಿ ಕೈಗಳಿಗೂ ಅವಳು ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದಳು. ಇನ್ನು ಅವಳ ಅತಿವೇಗದ ವಿಚಾರ. "ನಿನ್ನ ಕಾರಿನ ಹಿಂದೆ ನಡ್ಕೊಂಡು ಬಂದ್ರೂ ನಾನೇ ಮೊದ್ಲು ಮನೆ ಸೇರ್ತೀನಿ" ಎಂದು ಅಣ್ಣ ಅವಳನ್ನು ರೇಗಿಸುತ್ತಿದ್ದ.

ಟೈರು ಕೊಂಡು ಎರಡು ತಿಂಗಳಾಗಿತ್ತು. ಒಂದು ಸಂಜೆ ಎಡಗಡೆ ಮುಂದಿನ ಚಕ್ರ ಗುಂಡಿಗೆ ಬಿತ್ತು. ಮರುದಿನ ನೋಡಿದರೆ ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು. ರಬ್ಬರಿನೊಳಗೆ ನೂಲಿನ ಪದರಗಳಿರುತ್ತವೆ, ಗಾಳಿಯನ್ನು ತಡೆದು ಹಿಡಿದಿರುವುದು ಅವೇ ಎಂಬುದು ನೂಲಿನ ಜೊತೆ ಬದುಕುವ ನನಗೆ ಅಂದಾಜಿತ್ತು. ಎಲ್ಲೋ ಒಳಗೆ ಹರಿದಿದೆ ಎನ್ನಿಸಿತು. ಹೊಲಿಯುವ ಟೇಪನ್ನು ಉಬ್ಬಿಗೆ ಹಿಡಿದು ಫೋಟೋ ತೆಗೆದೆ. ಇಬ್ಬರೂ ಟೈರು ಕೊಂಡ ಅಂಗಡಿಗೆ ಹೋದೆವು. ಅದು ನನ್ನ ಅಂಗಡಿಯಿಂದ ಮೂರನೆಯದು. ಮಾಲೀಕ ಟೈರಿನ ಮಸಿಯ ನಡುವೆಯೂ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲೇ ಇರುತ್ತಾನೆ. ಹಾಗಾಗಿ ಬೀದಿಗೆಲ್ಲ ಅವನು ಬಿಳಿಯಂಗಿ. ಅವನು ಬಗ್ಗಿ ಕೂಡ ನೋಡಲಿಲ್ಲ.

"ಅದು ಒಳಗಿನ ಪದರ ಕೂಡೋ ಜಾಗ ಅಕ್ಕಾ. ಎಲ್ಲಾ ಟೈರಲ್ಲೂ ಇರತ್ತೆ. ಆರಾಮಾಗಿ ಓಡಿಸಿ" ಎಂದ.

ಅವನ ತಲೆಯ ಹಿಂದೆ ಗೋಡೆಯಲ್ಲಿ ಗಾಜಿನ ಚೌಕಟ್ಟಿನ ಪ್ರಮಾಣಪತ್ರ ತೂಗುತ್ತಿತ್ತು: ವಿಶ್ವಾಸಾರ್ಹ ಮಳಿಗೆ. ಕೆಳಗೆ ನಿಮ್ಮ ಸಹಿ. ಅತ್ತಿಗೆ ಅದನ್ನು ಓದಿ, ಸರ್ಕಾರದವರೇ ಬರೆದುಕೊಟ್ಟ ಮೇಲೆ ನಾವೇನು ಹೇಳುವುದು ಎಂದಳು. ಅನುಮಾನವಿದ್ದ ನಾನು ಬಾಯಿ ಮುಚ್ಚಿಕೊಂಡೆ. ಆ ಮೌನಕ್ಕೆ ನನ್ನನ್ನು ನಾನೂ ಬಿಟ್ಟಿಲ್ಲ, ನಿಮ್ಮನ್ನು ಬಿಡುವ ಮಾತೆಲ್ಲಿ ಬಂತು?

ಒಂಬತ್ತನೆಯ ದಿನ ಬೆಳಿಗ್ಗೆ, ಕಾಲುವೆಯ ತಿರುವಿನಲ್ಲಿ ಆ ಟೈರು ಸಿಡಿಯಿತು. ಕಾರು ಸೇತುವೆಯ ಗೋಡೆಗೆ ಬಡಿಯಿತು. ಹರಿದ ಟೈರನ್ನು ನಿಮ್ಮ ಕಚೇರಿಯವರು ಚೀಲದಲ್ಲಿ ಕಟ್ಟಿ ತನಿಖೆಗೆಂದು ಒಯ್ದರು. ಅತ್ತಿಗೆಯ ಬಲ ಮಣಿಕಟ್ಟು ಮೂರು ತುಂಡಾಯಿತು. ಮೂಳೆ ಕೂಡಿತು, ಬೆರಳ ತುದಿಗೆ ಸ್ಪರ್ಶ ಮರಳಲಿಲ್ಲ. ಆರು ತಿಂಗಳಾದ ಮೇಲೆ ಒಂದು ದಿನ ಅಣ್ಣ ತಾನೇ ತೋಳು ಮಡಚಿ ಅವಳ ಮುಂದೆ ಕೈ ಚಾಚಿದ. ಅವಳು ಸೂಜಿ ಹಿಡಿದಳು. ಮೂರು ಸಲ ತಪ್ಪಿತು. ಅಣ್ಣ ಹಲ್ಲು ಕಚ್ಚಿಕೊಂಡು, ಏನೂ ನೋವಿಲ್ಲ, ಇನ್ನೊಂದು ಸಲ ನೋಡು ಎಂದ. ನಾಲ್ಕನೆಯದೂ ತಪ್ಪಿದಾಗ ಅವಳು ಸೂಜಿಯನ್ನು ತಟ್ಟೆಯಲ್ಲಿಟ್ಟು ಅವನ ತೋಳು ಒರೆಸಿದಳು. ಮರುದಿನ ತನ್ನ ಚೀಲವನ್ನು ಬೇರೊಬ್ಬ ನರ್ಸಿಗೆ ಕೊಟ್ಟುಬಿಟ್ಟಳು. ನಿಮ್ಮ ಭಾಷೆಯಲ್ಲಿ ಇದಕ್ಕೂ ಮೇಲ್ಮೈ ಗೀರು ಎನ್ನಬಹುದೇ?

ಆಮೇಲೆ ನಾನು ಟೈರಿನ ವಿದ್ಯೆ ಕಲಿಯಲು ಕೂತೆ. ಬಸ್ಸು ಡಿಪೋದಲ್ಲಿ ಮೂವತ್ತು ವರ್ಷ ಟೈರು ನೋಡಿಕೊಂಡಿದ್ದ ಹಿರಿಯರೊಬ್ಬರು ನನ್ನ ಕೈಬೆರಳು ಹಿಡಿದು ಹತ್ತಾರು ಟೈರುಗಳ ಮೇಲೆ ಆಡಿಸಿದರು. "ಒಳಗೆ ತಗ್ಗಿದ್ರೆ ಕೂಡಿಸಿದ ಗುರುತು, ಭಯ ಇಲ್ಲ. ಹೊರಗೆ ಉಬ್ಬಿದ್ರೆ ನೂಲು ಹರಿದಿದೆ ಅಂತ್ಲೇ ಅರ್ಥ. ಅದಕ್ಕೆ ಪ್ಯಾಚ್ ಇಲ್ಲ ಕಣಮ್ಮಾ, ಎಸೀಬೇಕು ಅಷ್ಟೆ" ಎಂದರು. ಅರ್ಧ ತಾಸಿನ ಪಾಠ. ಹಿರಿಯ ಎಂಬ ಪದವಿಗೆ ಏರುವಷ್ಟರಲ್ಲಿ ನಿಮಗೆ ಅಷ್ಟೂ ಸಮಯ ಸಿಗಲಿಲ್ಲವೇ?

ಬಿಳಿಯಂಗಿಯ ಜಾಣತನ ಆಗ ಅರ್ಥವಾಯಿತು. ದೊಡ್ಡ ಕಾರಿನವರು ಬಂದರೆ ಏನೂ ಮಾಡದ ತಗ್ಗನ್ನು ತೋರಿಸಿ, ಪ್ರಾಣಾಪಾಯ ಎಂದು ಹೆದರಿಸಿ ನಾಲ್ಕೂ ಟೈರು ಬದಲಾಯಿಸುತ್ತಾನೆ. ತಾನೇ ಮಾರಿದ ಟೈರು ಉಬ್ಬಿಕೊಂಡು ವಾಪಸು ಬಂದರೆ ಜಗಳ ತನ್ನ ತಲೆಗೆ ಬರುತ್ತದೆಂದು, ಅದೇ ಉಬ್ಬನ್ನು ಪದರ ಕೂಡಿದ ಗುರುತೆಂದು ಸಾಗಹಾಕುತ್ತಾನೆ. ನನ್ನ ಹತ್ತಿರ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವಿತ್ತು. ಕವರು ಹೊಲಿಸಲು ಬಂದ ಒಂದೊಂದು ಕಾರಿನ ಪಕ್ಕವೂ ಮಂಡಿಯೂರಿ ಟೈರು ಸವರಿದೆ. ಉಬ್ಬು ಸಿಕ್ಕಲ್ಲಿ ಬಿಳಿ ವೃತ್ತ ಬರೆದು ಮಾಲೀಕರ ಬೆರಳನ್ನೇ ಅದರ ಮೇಲಿಟ್ಟು ತೋರಿಸಿದೆ. ನಾಲ್ಕು ತಿಂಗಳಲ್ಲಿ ಹನ್ನೊಂದು ಉಬ್ಬು. ಒಂಬತ್ತು ಅವನ ಅಂಗಡಿಯವು. ಸುದ್ದಿ ಬಾಯಿಂದ ಬಾಯಿಗೆ ಹರಡಿತು, ಅವನ ಬಾಗಿಲಲ್ಲಿ ಕಾರು ನಿಲ್ಲುವುದು ತಪ್ಪಿತು. ಇದು ಸಮಾಜಸೇವೆ ಎಂದು ನಟಿಸುವುದಿಲ್ಲ. ಅವನ ಅಂಗಡಿ ಖಾಲಿ ಹೊಡೆಯುವುದನ್ನು ನೋಡಿಕೊಂಡು ಹೊಲಿದ ದಿನ ನನ್ನ ಹೊಲಿಗೆ ನೇರವಾಗಿ ಬರುತ್ತಿತ್ತು.

ಹೋದ ತಿಂಗಳು ಒಂದು ಮಧ್ಯಾಹ್ನ ಅವನು ಅಂಗಡಿ ಮುಚ್ಚಿ ನನ್ನಲ್ಲಿಗೆ ಬಂದ. ಅಂಗಿ ಮುದುಡಿತ್ತು.

"ಸಾಕು ಮಾಡಿ ಅಕ್ಕಾ. ಬೇಕಾದ್ರೆ ಅತ್ತಿಗೆ ಕಾರಿಗೆ ಹೊಸ ಟೈರು ಹಾಕ್ಕೊಡ್ತೀನಿ."

"ಕೈ ಹಾಕ್ಕೊಡ್ತೀಯಾ?" ಎಂದೆ.

ಅವನು ಸ್ಟೂಲು ಎಳೆದುಕೊಂಡು ಕೂತ. ಆಮೇಲೆ ನಿಮ್ಮ ಹೆಸರೆತ್ತಿದ. "ತಪ್ಪು ನಂದೇ. ಆದ್ರೆ ವರದಿ ಬರೆದಿದ್ದು ನಾನಲ್ಲ. ಸಾಹೇಬ್ರು ಆ ಟೈರನ್ನ ಚೀಲದಿಂದ ಹೊರಗೇ ತೆಗೀಲಿಲ್ಲ. ನಮ್ಮ ಕೌಂಟರಲ್ಲೇ ಕೂತು ಬರೆದ್ರು. ಅಷ್ಟೊತ್ತೂ ನಾವು ಅವರ ಕಾರಿಗೆ ನಾಲ್ಕೂ ಹೊಸ ಟೈರು ಪುಕ್ಕಟೆ ಹಾಕ್ತಾ ಇದ್ವಿ."

ಕತ್ತರಿ ಕೆಳಗಿಟ್ಟು ಕಾಗದ ಕೊಟ್ಟೆ. ಅವನು ಎಲ್ಲವನ್ನೂ ಬರೆದು ಸಹಿ ಮಾಡಿದ. ಇನ್ನಾದರೂ ಸೀಮೆಸುಣ್ಣ ಬಿಡುತ್ತೀರಾ ಎಂದು ಕೇಳಿದ. ಇಲ್ಲ ಎಂದೆ.

ಆ ಕಾಗದದ ಪ್ರತಿ, ಟೇಪು ಹಿಡಿದು ತೆಗೆದ ಫೋಟೋ, ಎರಡೂ ನಿಮ್ಮ ಮೇಲಧಿಕಾರಿಗಳಿಗೂ ಈ ಪತ್ರಿಕೆಗೂ ತಲುಪಿವೆ. ಅತ್ತಿಗೆಗೆ ಇದು ಇಷ್ಟವಿಲ್ಲ. "ಬಿಟ್ಬಿಡೇ, ಅವರ ಮನೇಲೂ ಹೆಂಡ್ತಿ ಮಕ್ಕಳು ಇರ್ತಾರೆ" ಎನ್ನುತ್ತಾಳೆ, ಎಡಗೈಯಲ್ಲಿ ನಿಧಾನವಾಗಿ ತಲೆ ಬಾಚಿಕೊಳ್ಳುತ್ತಾ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಹಾಗಾಗಿ ಹದಿನೈದು ದಿನ ಕೊಟ್ಟಿದ್ದೇನೆ. ಕಡತ ತೆರೆಯಿರಿ. ನಿಮ್ಮ ಉಗ್ರಾಣದಲ್ಲಿ "ಸಿಗುತ್ತಿಲ್ಲ" ಎಂದು ಹೇಳಿಸುತ್ತಿರುವ ಆ ಟೈರನ್ನು ಹುಡುಕಿಸಿ, ಬೇರೊಬ್ಬ ಪರೀಕ್ಷಕರ ಮುಂದೆ ಚೀಲ ಬಿಚ್ಚಿಸಿ. ಆ ಗೋಡೆಯ ಮೇಲಿನ ನಿಮ್ಮ ಸಹಿಯನ್ನು ನೀವೇ ಏಣಿ ಹತ್ತಿ ಇಳಿಸಿ. "ಅತಿವೇಗ" ಎಂಬ ಪದ ಹೊಡೆದು ಹಾಕಿದ ವರದಿಯನ್ನು ಹಿಡಿದು ನಮ್ಮ ಮನೆಗೆ ಬಂದು, ಅತ್ತಿಗೆಯ ಎದುರು ನಿಂತು ಗಟ್ಟಿಯಾಗಿ ಓದಿ. ಅವಳು ನಿಮಗೆ ಕುರ್ಚಿ ಹಾಕಿ ಕ್ಷಮಿಸಿಬಿಡುತ್ತಾಳೆ ಎಂಬ ಭಯ ನನಗಿದೆ. ಅದಕ್ಕೇ ಆ ಹೊತ್ತಿಗೆ ನಾನೂ ಅಲ್ಲಿರುತ್ತೇನೆ.

ಇಂತಿ,
ಕ್ಷಮಿಸುವುದನ್ನು ಇನ್ನೂ ಕಲಿಯದ ಒಬ್ಬ ನಾದಿನಿ